ಐವತ್ತು ಕುದುರೆ ಬೇಡ, ಏಳು ಸಾಕು: ಬರೋಕ್ ಯುದ್ಧಚಿತ್ರ ಬಿಡಿಸುವ ಬಗೆ

ದೇವಬಾಗದ ಕಡೆ ಹೋಮ್‌ಸ್ಟೇ ನಡೆಸುವ ಪರಿಚಯದವರೊಬ್ಬರು ಒಂದು ಸಲ ನನ್ನ ಹತ್ತಿರ ಚಿತ್ರ ಕೇಳಿದರು. "ಯುರೋಪಿನ ಹಳೇ ಯುದ್ಧದ ಪೇಂಟಿಂಗ್ ಇರ್ತದಲ್ಲ ಮಾರಾಯ್ರೇ, ಕುದುರೆ, ಹೊಗೆ, ಇಷ್ಟು ದೊಡ್ಡ ಆಕಾಶ, ಅಂಥದ್ದೊಂದು ಹಾಲ್‌ಗೆ ಬೇಕು" ಅಂದರು. ನಾನು ಹೂಂ ಅಂದುಬಿಟ್ಟೆ. ಮೂರಡಿ ಅಗಲದ ಕ್ಯಾನ್ವಾಸ್ ತಂದು, ಎಡಗಡೆಯಿಂದ ಶುರು ಮಾಡಿ ಬಲಗಡೆಯವರೆಗೂ ಕುದುರೆ ತುಂಬಿಸಿದೆ. ಕೊನೆಗೆ ಎಣಿಸಿದರೆ ಐವತ್ತೆರಡು. ಶಿರಸಿಯಿಂದ ಬಂದಿದ್ದ ಆಯಿ ಅದನ್ನು ನೋಡಿ, "ಮಾರಿಜಾತ್ರೆ ಇದ್ದಾಂಗೆ ಇದ್ದಲೋ ತಮಾ" ಅಂದಳು. ಸರಿಯಾಗೇ ಹೇಳಿದ್ದಳು. ಯಾವ ಕುದುರೆಯೂ ಕಾಣಿಸುತ್ತಿರಲಿಲ್ಲ, ನೆಲವೂ ಇರಲಿಲ್ಲ, ಬರೀ ಗದ್ದಲ.

ಅದನ್ನು ಗೋಡೆಗೆ ಮುಖ ಮಾಡಿಟ್ಟು, ಹೊಸದಾಗಿ ಇನ್ನೊಂದು ಬಿಡಿಸಿದೆ. ಈ ಎರಡನೆಯದರಲ್ಲಿ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಎಣ್ಣೆಬಣ್ಣ ಸ್ವಲ್ಪವಾದರೂ ಮುಟ್ಟಿ ಗೊತ್ತಿರುವವರಿಗೆ ಜಾಸ್ತಿ ಉಪಯೋಗ. ಇದರ ಒಟ್ಟು ಗುಟ್ಟು ಇಷ್ಟೇ: ಲೆಕ್ಕ ಹಾಕುವಾಗ ಮೊದಲು ಜಾಗ, ಆಮೇಲೆ ಹೊಗೆ, ಕೊನೆಗೆ ಕುದುರೆ. ನಾನು ಮೊದಲ ಸಲ ಮಾಡಿದ್ದು ಪೂರಾ ಉಲ್ಟಾ.

ಬ್ರಶ್ ಹಿಡಿಯುವ ಮೊದಲು ಒಂದೆರಡು ದಿನ ಹಳೆಯವರದ್ದನ್ನು ನೋಡಿ. 1600ರ ದಶಕಗಳಲ್ಲಿ, ಅಂದರೆ ಕಲೆಯಲ್ಲಿ ಬರೋಕ್ ಅಂತ ಕರೆಯುವ ಕಾಲದಲ್ಲಿ, ಯುರೋಪ್ ಹೆಚ್ಚುಕಮ್ಮಿ ಪೂರ್ತಿ ಯುದ್ಧದಲ್ಲೇ ಇತ್ತು. ಮೂವತ್ತು ವರ್ಷದ ಯುದ್ಧ ಅಂತ ಹೇಳುವುದು 1618ರಿಂದ 1648ರವರೆಗೆ ನಡೆಯಿತು. (ಅದೇ ಗಡಿಬಿಡಿಯ ನಡುವೆ, 1638ರಲ್ಲಿ, ಇಂಗ್ಲಿಷರು ಕಾಳುಮೆಣಸು ಹುಡುಕಿಕೊಂಡು ಬಂದು ನಮ್ಮ ಕಾರವಾರದಲ್ಲಿ ಕೋಠಿ ಹಾಕಿದ್ದು. ಚಿತ್ರ ಬಿಡಿಸುವಾಗ ನನಗೆ ಇದು ಆಗಾಗ ನೆನಪಾಗುತ್ತಿತ್ತು.) ಯುದ್ಧದ ಚಿತ್ರಕ್ಕೆ ಗಿರಾಕಿಗಳೂ ಇದ್ದರು, ಅದನ್ನೇ ಬಿಡಿಸುವ ಚಿತ್ರಕಾರರೂ ಇದ್ದರು. ಅವರಲ್ಲಿ ಎರಡು ದಾರಿ ಕಾಣುತ್ತದೆ.

ಒಂದು ಫ್ಲಾಂಡರ್ಸ್, ಅಂದರೆ ಈಗಿನ ಬೆಲ್ಜಿಯಂ ಕಡೆಯವರದ್ದು. ಸೆಬಾಸ್ಟಿಯನ್ ವ್ರಾಂಕ್ಸ್, ಅವನ ಶಿಷ್ಯ ಪೀಟರ್ ಸ್ನೇಯರ್ಸ್, ಸ್ನೇಯರ್ಸ್‌ನ ಶಿಷ್ಯ ವಾನ್ ಡರ್ ಮ್ಯೂಲನ್. ಈ ಕೊನೆಯವನು ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ದಂಡಿನ ಜೊತೆಗೇ ಹೋಗಿ ಊರು, ಕೋಟೆಗಳನ್ನು ಸ್ಥಳದಲ್ಲೇ ಬಿಡಿಸಿಕೊಂಡು ಬರುತ್ತಿದ್ದ. ಅದರಲ್ಲೂ ಸ್ನೇಯರ್ಸ್‌ನ ಮುತ್ತಿಗೆಯ ಚಿತ್ರ ಅಂದರೆ ಗುಡ್ಡದ ಮೇಲೆ ನಿಂತು ಕೆಳಗೆ ನೋಡಿದಂತೆ. ಇಡೀ ಬಯಲು ಮ್ಯಾಪ್ ಹಾಗೆ ಹರಡಿಕೊಂಡಿರುತ್ತದೆ.

ಇನ್ನೊಂದು ಇಟಲಿಯವರದ್ದು. ನೇಪಲ್ಸ್‌ನ ಅನಿಯೆಲ್ಲೋ ಫಾಲ್ಕೋನೆ, ಅವನ ಹತ್ತಿರ ಕಲಿತ ಸಾಲ್ವಟೋರ್ ರೋಸಾ, ಮತ್ತೆ ಫ್ರಾನ್ಸ್ ಕಡೆಯಿಂದ ಇಟಲಿಗೆ ಬಂದು ನೆಲೆಸಿದ ಜಾಕ್ ಕುರ್ತ್ವಾ. ಕುರ್ತ್ವಾ ಆಮೇಲೆ 1657ರಲ್ಲಿ ಜೆಸ್ಯೂಟ್ ಅನ್ನುವ ಕ್ರೈಸ್ತ ಧಾರ್ಮಿಕ ಸಂಘ ಸೇರಿದ, ಆದರೂ ಯುದ್ಧ ಬಿಡಿಸುವುದು ಬಿಡಲಿಲ್ಲ. ಇವರು ನೋಡುಗನನ್ನು ನೆಲದ ಮೇಲೆ, ಗಲಾಟೆಯ ಎದುರಿಗೇ ನಿಲ್ಲಿಸುತ್ತಾರೆ. ರಾಜ ಇಲ್ಲ, ಸೇನಾಪತಿ ಇಲ್ಲ, ಯಾವ ಯುದ್ಧ ಅಂತಲೂ ಎಷ್ಟೋ ಸಲ ಗೊತ್ತಾಗುವುದಿಲ್ಲ. ಫಾಲ್ಕೋನೆಯ ಚಿತ್ರಗಳಿಗೆ ಕಲಾ ಇತಿಹಾಸಕಾರ ಫ್ರಿಟ್ಸ್ ಸ್ಯಾಕ್ಸ್ಲ್ ನಾಯಕನಿಲ್ಲದ ಯುದ್ಧ ಎಂದೇ ಹೆಸರಿಟ್ಟ. ನನ್ನ ಎರಡನೇ ಚಿತ್ರ ನೋಡಿ ಆಯಿ, "ಇದ್ರಲ್ಲಿ ಗೆದ್ದಿದ್ದು ಯಾರು?" ಅಂತ ಕೇಳಿದಳು. "ನಂಗೂ ಗೊತ್ತಿಲ್ಲೆ ಆಯಿ" ಅಂದೆ. ಒಳಗೊಳಗೆ ಖುಷಿಯಾಯಿತು. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಕೇಳಿದರೆ ಕೆಲಸ ಸರಿ ದಾರಿಯಲ್ಲಿದೆ ಅಂತ ಲೆಕ್ಕ.

ಮೊದಲ ಸಲಕ್ಕೆ ಇಟಲಿಯವರ ದಾರಿ ಹಿಡಿಯಿರಿ. ಯಾಕೆ ಅಂತ ತಿಳಿಯಬೇಕಾದರೆ ಎರಡು ಕಡೆ ಹೋಗಿ ನಿಂತು ನೋಡಬೇಕು. ಸಂಜೆ ಕಾರವಾರದ ಬೀಚಿಗೆ ಹೋಗಿ. ಸಮತಟ್ಟಾದ ಮರಳಿನ ಮೇಲೆ ನಿಂತು, ಓಡಾಡುವವರ ತಲೆಗಳನ್ನು ನೋಡಿ. ಹತ್ತಿರ ಇರುವವರು ದೊಡ್ಡದಾಗಿ ಕಾಣುತ್ತಾರೆ, ದೂರದವರು ಇರುವೆಯಷ್ಟು, ಆದರೆ ನಿಮ್ಮಷ್ಟೇ ಎತ್ತರದವರಾದರೆ ಎಲ್ಲರ ಕಣ್ಣೂ ಸಮುದ್ರ ಮತ್ತು ಆಕಾಶ ಸೇರುವ ಗೆರೆಯ ಮೇಲೇ ಇರುತ್ತದೆ. ಒಬ್ಬರದ್ದೂ ತಪ್ಪುವುದಿಲ್ಲ. ಮಕ್ಕಳು ಗೆರೆಯ ಕೆಳಗೆ, ಕುದುರೆ ಮೇಲೆ ಕೂತವನಿದ್ದರೆ ಅವನ ತಲೆ ಗೆರೆಗಿಂತ ಮೇಲಕ್ಕೆ. ಇಷ್ಟು ಗೊತ್ತಾದರೆ ಅಳತೆಪಟ್ಟಿ ಇಲ್ಲದೆ ಮುನ್ನೂರು ಸೈನಿಕರನ್ನು ನಿಲ್ಲಿಸಬಹುದು. ಇದು ಇಟಲಿಯವರ ದಾರಿ.

ಮಾರನೇ ದಿನ ಸದಾಶಿವಗಡದ ಗುಡ್ಡ ಹತ್ತಿ. ಕೆಳಗೆ ಕಾಳಿ ನದಿ ಸಮುದ್ರ ಸೇರುವುದು ಕಾಣುತ್ತದೆ, ಆಚೆ ಕಾರವಾರ. ಈಗ ಮನುಷ್ಯರು, ದೋಣಿ, ಲಾರಿ ಎಲ್ಲವೂ ಗೆರೆಯಿಂದ ಎಷ್ಟೋ ಕೆಳಗೆ ಬಿದ್ದಿವೆ. ಒಬ್ಬರ ಹಿಂದೆ ಒಬ್ಬರು ಮರೆಯಾಗುವುದಿಲ್ಲ, ಎಲ್ಲರನ್ನೂ ಬೇರೆಬೇರೆ ಬಿಡಿಸಲೇಬೇಕು. ಇದು ಸ್ನೇಯರ್ಸ್ ದಾರಿ. ನೋಡಲು ಭಾರಿ ಚೆಂದ, ಆದರೆ ಸಾವಿರ ಚುಕ್ಕೆ ಇಡುವಷ್ಟು ತಾಳ್ಮೆ ನನಗಂತೂ ಇಲ್ಲ.

ಸಾಮಾನಿಗೆ ಬರೋಣ. ಎರಡಡಿ ಎತ್ತರ, ಮೂರಡಿ ಅಗಲದ ಕ್ಯಾನ್ವಾಸ್ ಸಾಕು. ಇದಕ್ಕಿಂತ ಚಿಕ್ಕದಾದರೆ ಕುದುರೆ ಹೆಗ್ಗಣದಷ್ಟಾಗುತ್ತದೆ. ಬಣ್ಣ ಏಳೇ ಏಳು: ಟೈಟೇನಿಯಂ ವೈಟ್, ಯೆಲ್ಲೋ ಓಕರ್, ಬರ್ಂಟ್ ಸಿಯೆನ್ನಾ, ಬರ್ಂಟ್ ಅಂಬರ್, ಅಲ್ಟ್ರಾಮರೀನ್ ಬ್ಲೂ, ಐವರಿ ಬ್ಲ್ಯಾಕ್, ಒಂದು ಕ್ಯಾಡ್ಮಿಯಂ ರೆಡ್. ಹಸಿರು ಟ್ಯೂಬ್ ತರಲೇಬೇಡಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಅಗಸೆ ಎಣ್ಣೆ, ಟರ್ಪಂಟೈನ್. ಹಂದಿಕೂದಲಿನ ಒರಟು ಬ್ರಶ್ ಮೂರು, ಮೆತ್ತನೆಯದು ಎರಡು. ನಾನು ಹುಬ್ಬಳ್ಳಿಗೆ ಹೋದಾಗಲೇ ಎಲ್ಲ ಕಟ್ಟಿಸಿಕೊಂಡು ಬರುತ್ತೇನೆ.

ಬಿಳಿ ಕ್ಯಾನ್ವಾಸ್ ಮೇಲೆ ನೇರವಾಗಿ ಶುರು ಮಾಡಬೇಡಿ. ಬರೋಕ್ ಕಾಲದ ತುಂಬಾ ಜನ ಮೊದಲು ಕೆಂಗಂದು ಮಣ್ಣಿನ ಬಣ್ಣ ಬಳಿದು, ಅದರ ಮೇಲೆ ಕೆಲಸ ಮಾಡುತ್ತಿದ್ದರು. ನಮ್ಮ ಕರಾವಳಿಯ ಕಾವಿ ಕಲೆ ನೋಡಿದ್ದೀರಲ್ವಾ, ಶಿರಸಿಯ ಮಾರಿಕಾಂಬೆ ಗುಡಿಯಲ್ಲೂ ಇದೆ. ಅಲ್ಲಿ ಮೇಲಿನ ಕೆಂಪನ್ನು ಕೆರೆದು ಒಳಗಿನ ಬಿಳಿ ಸುಣ್ಣ ತೆಗೆಯುತ್ತಾರೆ. ಇಲ್ಲಿ ಕೆಂಪಿನ ಮೇಲೆ ಬಿಳಿ ಇಡುತ್ತೇವೆ. ಎರಡರಲ್ಲೂ ಅರ್ಧ ಕೆಲಸವನ್ನು ಕೆಂಪು ಮಣ್ಣೇ ಮಾಡಿಕೊಡುತ್ತದೆ. ಬರ್ಂಟ್ ಸಿಯೆನ್ನಾಕ್ಕೆ ಚೂರು ಕಪ್ಪು ಸೇರಿಸಿ, ಅಡಿಕೆ ಬೇಯಿಸಿದ ಚೊಗರಿನ ಕೆಂಗಂದು ಬಣ್ಣ ಬರುವವರೆಗೆ ಕಲಸಿ, ಇಡೀ ಕ್ಯಾನ್ವಾಸಿಗೆ ಹಚ್ಚಿ. ಈ ಒಂದು ಪದರಕ್ಕೆ ಅಕ್ರಿಲಿಕ್ ಬಳಸಿದರೆ ಬೇಗ ಒಣಗುತ್ತದೆ. ಅಕ್ರಿಲಿಕ್ ಮೇಲೆ ಎಣ್ಣೆಬಣ್ಣ ನಡೆಯುತ್ತದೆ, ಎಣ್ಣೆಬಣ್ಣದ ಮೇಲೆ ಅಕ್ರಿಲಿಕ್ ಮಾತ್ರ ಕೂಡದು. ದುಡ್ಡು ಉಳಿಸಲು ನಾನೊಮ್ಮೆ ನೆಲಕ್ಕೆ ಹಾಕುವ ರೆಡ್ ಆಕ್ಸೈಡ್ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದಿದ್ದೆ. ಬೆರಳಲ್ಲಿ ಉಜ್ಜಿದರೆ ಪುಡಿಪುಡಿಯಾಗಿ ಕೈಗೇ ಬಂತು.

ಒಣಗಿದ ಮೇಲೆ ಚಾಕ್‌ಪೀಸಿನಲ್ಲಿ ಜಾಗ ಹಂಚಿ. ಇಪ್ಪತ್ನಾಲ್ಕು ಇಂಚು ಎತ್ತರದಲ್ಲಿ ಹದಿಮೂರು, ಹದಿನಾಲ್ಕು ಇಂಚು ಆಕಾಶಕ್ಕೇ ಕೊಟ್ಟುಬಿಡಿ. ಕೈ ನಡುಗುತ್ತದೆ, ಗೊತ್ತು, ಇಷ್ಟು ಜಾಗ ಖಾಲಿ ಬಿಟ್ಟರೆ ಯುದ್ಧ ಎಲ್ಲಿ ಅಂತ. ಕೊಡಿ. ಆಕಾಶ ದೊಡ್ಡದಾದಷ್ಟೂ ಕೆಳಗೆ ಹೊಡೆದಾಡುವವರು ಸಣ್ಣವರಾಗುತ್ತಾರೆ, ಈ ಬಗೆಯ ಚಿತ್ರದ ಜೀವವೇ ಅದು. ಮುಂದುಗಡೆ ಒಂದು ಮೂಲೆಯಲ್ಲಿ ಕಪ್ಪಗಿನ ದಿಬ್ಬ ಇಡಿ, ಎಡಗಡೆಯಾದರೆ ಒಳ್ಳೆಯದು. ಅದರ ಮೇಲೆ ಮುರಿದ ಮರ, ಬಿದ್ದ ನಗಾರಿ, ಸತ್ತ ಕುದುರೆಯ ಬೆನ್ನು, ಇಷ್ಟೇ. ನೋಡುವ ಕಣ್ಣು ಈ ಕತ್ತಲೆಯನ್ನು ದಾಟಿ ಬೆಳಕಿಗೆ ಹೋಗುತ್ತದೆ, ಬಾಗಿಲ ಒಳಗಿಂದ ಅಂಗಳ ನೋಡಿದ ಹಾಗೆ.

ಮರಕ್ಕೆ ತೆಂಗು ಬೇಡ. ಒಮ್ಮೆ ಹಾಕಿ ನೋಡಿದ್ದೇನೆ, ಕಬ್ಬಿಣದ ಅಂಗಿ ತೊಟ್ಟ ಸವಾರರು ಗೋವಾಕ್ಕೆ ಟೂರ್ ಬಂದ ಹಾಗಿತ್ತು. ಎಲೆ ಉದುರಿದ ಮತ್ತಿ ಮರವೋ, ಸಿಡಿಲು ಬಡಿದ ಬೋಳು ಕಾಂಡವೋ ಆಗುತ್ತದೆ. ಬಂಡೆಗೆ ಮಾತ್ರ ಯುರೋಪಿಗೆ ಹೋಗಬೇಕಾಗಿಲ್ಲ. ಯಾಣಕ್ಕೆ ಹೋಗಿ ಭೈರವೇಶ್ವರ ಶಿಖರದ ಬುಡದಲ್ಲಿ ಕೂತು ಸ್ಕೆಚ್ ಮಾಡಿ. 120 ಮೀಟರ್ ಎತ್ತರದ ಕಪ್ಪು ಕಲ್ಲು, ಚೂಪು ಚೂಪು, ನಡುನಡುವೆ ಬೆಳಕು ತೂರುವ ಸೀಳು. ಬಂಡೆ, ಮುರಿದ ಮರ, ಕಾಡು ಕಂಡರೆ ಹುಚ್ಚಾಗುತ್ತಿದ್ದ ರೋಸಾ ಯಾಣ ನೋಡಿದ್ದರೆ ನೇಪಲ್ಸಿಗೆ ವಾಪಸ್ ಹೋಗುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಈಗ ಹೊಡೆದಾಟದ ಗುಂಪು. ಒಬ್ಬೊಬ್ಬರನ್ನೇ ಬಿಡಿಸಬೇಡಿ. ಕ್ಯಾನ್ವಾಸಿನ ನಡುವಿನಿಂದ ಚೂರು ಪಕ್ಕಕ್ಕೆ, ತಗ್ಗಾದ ಗುಡ್ಡದ ಆಕಾರದಲ್ಲಿ ಒಂದೇ ಮುದ್ದೆ ಬರಲಿ. ಬರ್ಂಟ್ ಅಂಬರ್ ತೆಳ್ಳಗೆ ಮಾಡಿ, ಹಳೇ ಬಟ್ಟೆಯಿಂದ ಒರೆಸುತ್ತಾ ಮೂಡಿಸಿ. ಕಣ್ಣು ಅರ್ಧ ಮುಚ್ಚಿ ನೋಡಿದರೆ ಒಂದು ಕಪ್ಪು ಮುದ್ದೆ, ಅದರೊಳಗೆ ಒಂದು ಬೆಳಕಿನ ತುಂಡು ಕಾಣಬೇಕು. ಆ ಬೆಳಕಿನ ತುಂಡೇ ನಿಮ್ಮ ಬಿಳಿ ಕುದುರೆ. ಹಾರ್ಲೆಮ್ ಊರಿನ ಡಚ್ ಚಿತ್ರಕಾರ ಫಿಲಿಪ್ಸ್ ವಾವರ್‌ಮನ್ ಚಿತ್ರದಿಂದ ಚಿತ್ರಕ್ಕೆ ಒಂದು ಬಿಳಿ ಕುದುರೆ ನಿಲ್ಲಿಸುತ್ತಿದ್ದ, ಅದೇ ಅವನ ಸಹಿ ಅನ್ನುವಷ್ಟು. ನೀವೂ ಕದಿಯಿರಿ, ಯಾರೂ ಕೇಳುವುದಿಲ್ಲ.

ಪೂರ್ತಿ ಮೈ ಕಾಣುವ ಕುದುರೆ ಮೂರು. ಅರ್ಧಂಬರ್ಧ, ಅಂದರೆ ಒಂದರ ಕುತ್ತಿಗೆ, ಇನ್ನೊಂದರ ಹಿಂಭಾಗ, ಹೀಗೆ ನಾಲ್ಕು. ಉಳಿದದ್ದು ಟೊಪ್ಪಿ, ಈಟಿಯ ತುದಿ, ಬಾವುಟ, ಹೊಗೆ. ಬಯಲಾಟದಲ್ಲಿ ಎರಡು ವೇಷ ಎದುರಾಬದುರಾಗಿ ಸುತ್ತು ಹಾಕಿದರೆ ಇಡೀ ಕುರುಕ್ಷೇತ್ರ ಕಾಣುತ್ತದಲ್ಲ ನಮಗೆ? ಹಾಗೆ.

ಕುದುರೆ ನೋಡಲು ನಮ್ಮಲ್ಲಿ ಎಲ್ಲಿ ಸಿಗಬೇಕು? ನಾನು ಮಗಳ ಪ್ಲಾಸ್ಟಿಕ್ ಕುದುರೆಯನ್ನು ಮೇಜಿನ ಮೇಲಿಟ್ಟು, ಎಡಗಡೆಯಿಂದ ಟಾರ್ಚ್ ಬಿಟ್ಟು ನೆರಳು ನೋಡಿಕೊಂಡೆ. ಹಿಂಗಾಲು ಯಾವ ಕಡೆಗೆ ಮಡಚುತ್ತದೆ ಅನ್ನುವ ಗೊಂದಲ ಬಂದರೆ ಕೊಟ್ಟಿಗೆಗೆ ಹೋಗಿ ಎಮ್ಮೆಯ ಹಿಂದೆ ನಿಂತು ನೋಡಿ, ಗಂಟು ಅದೇ, ದಪ್ಪ ಮಾತ್ರ ಬೇರೆ. ಎದ್ದು ನಿಂತ ಕುದುರೆಗೆ ಹಿಂಗಾಲು ಚೆನ್ನಾಗಿ ಮಡಚಿರಲಿ, ಭಾರವೆಲ್ಲ ಅದರ ಮೇಲೆ ಬೀಳಲಿ. ನೆಟ್ಟಗೆ ನಿಲ್ಲಿಸಿದರೆ ಸರ್ಕಸ್ ಆಗುತ್ತದೆ. ಓಡುವ ಕುದುರೆಯ ಕಾಲು ನಿಜವಾಗಿ ಹೇಗಿರುತ್ತದೆ ಅಂತ ಜಗತ್ತಿಗೆ ಗೊತ್ತಾದದ್ದೇ 1878ರಲ್ಲಿ ಮೈಬ್ರಿಜ್ ತೆಗೆದ ಫೋಟೋಗಳಿಂದ. ಅದಕ್ಕೆ ಮೊದಲಿನವರು ಎಷ್ಟೋ ಸಲ ಮುಂದಿನ ಎರಡು ಕಾಲು ಒಟ್ಟಿಗೆ, ಹಿಂದಿನ ಎರಡು ಒಟ್ಟಿಗೆ ಇಟ್ಟು ಓಡಿಸುತ್ತಿದ್ದರು. ನೀವೂ ಹಾಗೇ ಓಡಿಸಿ. ಇಲ್ಲಿ ಫೋಟೋದ ಹಾಗೆ ಸರಿ ಮಾಡಲು ಹೋದರೆ ಆ ಕಾಲದ ಕಳೆ ಹಾಳಾಗುತ್ತದೆ.

ಬಿಳಿ ಕುದುರೆಯ ಹಿಂಭಾಗ ಮಾತ್ರ ನಿಧಾನವಾಗಿ ಮಾಡಿ, ಇಡೀ ಚಿತ್ರ ನಿಲ್ಲುವುದೇ ಅದರ ಮೇಲೆ. ಬಿಳಿ ಕುದುರೆ ಬಿಳಿ ಇರುವುದಿಲ್ಲ. ನೆರಳಿನ ಕಡೆ ಅಂಬರ್ ತೆಳ್ಳಗೆ, ಹೊಟ್ಟೆಯ ಕೆಳಗೆ ಚೂರು ಗಾಢ. ಬೆಳಕು ಮತ್ತು ನೆರಳಿನ ನಡುವೆ ಒಂದು ಬೆರಳಗಲ ಜಾಗವನ್ನು ಮುಟ್ಟಲೇಬೇಡಿ, ಅಡಿಯ ಕೆಂಗಂದು ಹಾಗೇ ಕಾಣಲಿ. ಅದೇ ಚರ್ಮದ ಬಿಸಿ. ಬೆಳಕಿನ ಕಡೆ ಬಿಳಿಗೆ ಓಕರ್ ಸೇರಿಸಿ, ಸೊಂಟದಿಂದ ತೊಡೆಗೆ ಇಳಿಯುವ ದಿಕ್ಕಿನಲ್ಲಿ ಎರಡೇ ಎರಡು ಸಲ ಎಳೆಯಿರಿ. ಕೊನೆಗೆ ಸೊಂಟದ ತುದಿಯಲ್ಲಿ, ಬೆಣ್ಣೆ ಹಚ್ಚಿದ ಹಾಗೆ, ದಪ್ಪಗೆ ಒಂದು ಬಿಳಿ. ಆಮೇಲೆ ಬ್ರಶ್ ಕೆಳಗಿಟ್ಟು ಚಾ ಕುಡಿಯಲು ಹೋಗಿ. ತಿದ್ದುತ್ತಾ ಕೂತರೆ ಹಿಟ್ಟಾಗುತ್ತದೆ. ನನ್ನದು ಮೂರು ಸಲ ಹಿಟ್ಟಾಗಿದೆ.

ಹೊಗೆಗೆ ಬಂದೆ. ಇದು ನನಗೆ ಎಲ್ಲಕ್ಕಿಂತ ಇಷ್ಟದ ಭಾಗ. ಆಗಿನ ಕರಿಮದ್ದು ಸುಟ್ಟಾಗ ಅರ್ಧಕ್ಕಿಂತ ಜಾಸ್ತಿ ಭಾಗ ಗ್ಯಾಸ್ ಆಗದೆ ನುಣ್ಣನೆಯ ಪುಡಿಯಾಗಿಯೇ ಉಳಿಯುತ್ತಿತ್ತು. ಅದಕ್ಕೇ ಅಷ್ಟು ದಟ್ಟ ಹೊಗೆ. ಚಿತ್ರಕಾರರಿಗೆ ಇದು ವರವೇ ಆಯಿತು. ಎಲ್ಲಿ ಕುದುರೆ ಕಾಲು ಬಿಡಿಸಲು ಬೇಜಾರೋ ಅಲ್ಲಿ ಹೊಗೆ, ಎಲ್ಲಿ ಮುಂದಿನ ಗುಂಪನ್ನು ಹಿಂದಿನದರಿಂದ ಬೇರೆ ಮಾಡಿ ತೋರಿಸಬೇಕೋ ಅಲ್ಲೂ ಹೊಗೆ.

ಇದನ್ನು ನಾನು ಕಲಿತದ್ದು ಯಾವ ವಿಡಿಯೋದಿಂದಲೂ ಅಲ್ಲ, ಶಿರಸಿಯ ಮನೆಯ ಅಡಿಕೆ ಒಲೆಯಿಂದ. ಕೊಯ್ಲಿನ ಹೊತ್ತಿಗೆ ಬೆಳಗ್ಗೆ ಹಂಡೆಯಲ್ಲಿ ಅಡಿಕೆ ಬೇಯುತ್ತಿರುವಾಗ ಹೊಗೆ ತೋಟದ ಕಡೆಗೆ ಹೋಗುತ್ತದಲ್ಲ, ಕಪ್ಪಗಿನ ತೋಟದ ಎದುರಿಗೆ ಅದು ನೀಲಿ ಕಾಣುತ್ತದೆ. ಅದೇ ಹೊಗೆ ಇನ್ನೂ ಮೇಲೆ ಹೋಗಿ ಬೆಳ್ಳಗಿನ ಆಕಾಶದ ಎದುರಿಗೆ ಬಂದ ಕೂಡಲೇ ಕಂದು. ಹೊಗೆ ಬದಲಾಗಿಲ್ಲ, ಹಿನ್ನೆಲೆ ಬದಲಾಗಿದೆ ಅಷ್ಟೇ. ದರಕು, ಅಂದರೆ ಒಣಗಿದ ಎಲೆ, ಸುಡುವಾಗಲೂ ನೋಡಬಹುದು. ಕ್ಯಾನ್ವಾಸಿನಲ್ಲೂ ಇದೇ ನಡೆಯುತ್ತದೆ. ಒಣಗಿದ ಗಾಢ ಕಂದಿನ ಮೇಲೆ ಬಿಳಿಯನ್ನು ಒಣ ಬ್ರಶ್‌ನಲ್ಲಿ, ಇದ್ದೂ ಇಲ್ಲದ ಹಾಗೆ ಸವರಿ, ನೀಲಿ ಬಣ್ಣ ಒಂದು ಚೂರೂ ಹಾಕದೆ ಅದು ನೀಲಿಯಾಗುತ್ತದೆ. ಮೊದಲ ಸಲ ಇದು ಕೈಗೆ ಬಂದಾಗ ನಾನು ಹೆಂಡತಿಯನ್ನು ಅಡುಗೆಮನೆಯಿಂದ ಕರೆದು ತೋರಿಸಿದ್ದೆ. ಅವಳು "ಒಗ್ಗರಣೆ ಸೀದುಹೋಯ್ತು" ಅಂತ ವಾಪಸ್ ಓಡಿದಳು. ಆಕಾಶದ ಎದುರು ಬರುವ ಹೊಗೆಗೆ ಮಾತ್ರ ಬಿಳಿಗೆ ಅಂಬರ್ ಸೇರಿಸಿ. ಹೊಗೆಗೆ ಅಂಚು ಇರಬಾರದು, ಒಂದು ಕಡೆ ಮಾತ್ರ, ಬಂದೂಕಿನ ಬಾಯಿಯ ಹತ್ತಿರ, ಚೂರು ಗಟ್ಟಿ ಇರಲಿ.

ಇನ್ನು ಹಸಿರು. ಮಳೆಗಾಲದಲ್ಲಿ ನಮ್ಮ ಗದ್ದೆ, ಗುಡ್ಡದ ಹಸಿರನ್ನು ಹಾಗೇ ಇಟ್ಟರೆ ಚಿತ್ರ ಕ್ಯಾಲೆಂಡರ್ ಆಗುತ್ತದೆ. ಓಕರ್‌ಗೆ ಕಪ್ಪು ಸೇರಿಸಿ ನೋಡಿ, ಮಂಕಾದ ಪಾಚಿ ಹಸಿರು ಬರುತ್ತದೆ, ಅದು ಸಾಕು. ಹಾಗಂತ ಪೂರ್ತಿ ಕಂದು ಮಾಡಲೂ ಹೋಗಬೇಡಿ. ಹಳೇ ಚಿತ್ರ ಅಷ್ಟು ಕಂದಾಗಿರುವುದಕ್ಕೆ ಒಂದು ಕಾರಣ ಹಳದಿಯಾದ ವಾರ್ನಿಶ್, ಇನ್ನೊಂದು ಕಾರಣ ಕಾಲ ಕಳೆದಂತೆ ಎಣ್ಣೆಬಣ್ಣ ಪಾರದರ್ಶಕವಾಗಿ ಅಡಿಯ ಬಣ್ಣ ಮೇಲೆ ಇಣುಕುವುದು. ಬಿಡಿಸಿದ ದಿನ ಅವು ಇಷ್ಟು ಮಂಕಾಗಿರಲಿಲ್ಲ. ದೂರದ ಬೆಟ್ಟಕ್ಕೆ ಮಾದರಿ ಬೇಕಾದರೆ ಕರಾವಳಿಯಿಂದ ಘಟ್ಟದ ಕಡೆ ನೋಡಿ: ಹತ್ತಿರದ್ದು ಕಪ್ಪು ಹಸಿರು, ಅದರ ಹಿಂದೆ ನೀಲಿ, ಅದಕ್ಕೂ ಹಿಂದೆ ಆಕಾಶಕ್ಕಿಂತ ಚೂರೇ ಚೂರು ಗಾಢ. ಮೂರು ಪದರ, ಮುಗಿಯಿತು. ಆಕಾಶಕ್ಕೆ ಜೂನ್ ಮೊದಲ ವಾರ ಸಮುದ್ರದ ಮೇಲೆ ಎದ್ದು ಬರುವ ಮೋಡ ನೋಡಿ. ಒಂದು ಮೂಲೆಯಿಂದ ಓರೆಯಾಗಿ ಬರಲಿ, ಎದುರು ಮೂಲೆ ತಿಳಿಯಾಗಿರಲಿ.

ಕೆಂಪು ಕೊನೆಗೆ, ಮೂರೇ ಕಡೆ. ಆಗ ಎಲ್ಲ ಸೈನ್ಯಕ್ಕೂ ಒಂದೇ ಥರದ ಯೂನಿಫಾರ್ಮ್ ಇರಲಿಲ್ಲ, ಸೊಂಟಕ್ಕೋ ಹೆಗಲಿಗೋ ಕಟ್ಟಿದ ಬಟ್ಟೆಯ ಬಣ್ಣ ನೋಡಿ ನಮ್ಮವ, ಅವರವ ಅಂತ ಗುರುತಿಸುತ್ತಿದ್ದರು. ಸ್ಪೇನಿನವರದ್ದು ಕೆಂಪು, ಡಚ್ಚರದ್ದು ಕಿತ್ತಳೆ. ಒಂದು ಪಟ್ಟಿ, ಒಂದು ಬಾವುಟ, ದಿಬ್ಬದ ಮೇಲೆ ಬಿದ್ದ ಒಂದು ಟೊಪ್ಪಿಯ ಗರಿ. ನಾಲ್ಕನೆಯದು ಇಡಲು ಕೈ ತುರಿಸುತ್ತದೆ, ಬೇಡ.

ಒಣಗಿಸುವುದು ನಮ್ಮ ಕಡೆ ದೊಡ್ಡ ತಲೆನೋವು. ಅಗಸೆ ಎಣ್ಣೆ ಆವಿಯಾಗಿ ಒಣಗುವುದಲ್ಲ, ಗಾಳಿಯ ಆಮ್ಲಜನಕ ಸೇರಿ ಗಟ್ಟಿಯಾಗುವುದು, ಕಾರವಾರದ ಮಳೆಗಾಲದಲ್ಲಿ ಅದು ಎಳೆಯುತ್ತಲೇ ಇರುತ್ತದೆ. ಅಂಬರ್ ಬೇಗ ಒಣಗುತ್ತದೆ, ಅದರಲ್ಲಿ ಮ್ಯಾಂಗನೀಸ್ ಇದೆ. ಐವರಿ ಬ್ಲ್ಯಾಕ್ ತಡ. ಹಾಗಾಗಿ ಅಡಿಯ ಪದರಗಳಲ್ಲಿ ಅಂಬರ್ ಇರಲಿ, ಕಪ್ಪು ಮೇಲಿರಲಿ. ಮೊದಲ ಪದರಕ್ಕೆ ಟರ್ಪಂಟೈನ್ ಜಾಸ್ತಿ, ಮೇಲೆ ಹೋದ ಹಾಗೆ ಎಣ್ಣೆ ಜಾಸ್ತಿ. ಉಲ್ಟಾ ಮಾಡಿದರೆ ಬಿರುಕು ಬಿಡುತ್ತದೆ. ಸಾಧ್ಯವಾದರೆ ದೀಪಾವಳಿ ಕಳೆದ ಮೇಲೇ ಶುರು ಮಾಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ, ಇಲ್ಲವಾದರೆ ನೀರಲ್ಲಿ ಮುಳುಗಿಸಿಡಿ.

ವಾರ್ನಿಶ್‌ಗೆ ಆರು ತಿಂಗಳು ಕಾಯಿರಿ. ತೂಗುಹಾಕುವಾಗ ಕಿಟಕಿಯ ಎದುರು ಗೋಡೆ ಬೇಡ, ಸಮುದ್ರದ ಬೆಳಕು ವಾರ್ನಿಶ್ ಮೇಲೆ ಹೊಳೆದು ಅರ್ಧ ಚಿತ್ರ ಕಾಣುವುದಿಲ್ಲ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಬಾಟಲಿಯ ಕಾರ್ಕ್ ತುಂಡು ಅಂಟಿಸಿ, ಗೋಡೆಗೂ ಕ್ಯಾನ್ವಾಸಿಗೂ ನಡುವೆ ಗಾಳಿ ಆಡಲಿ. ನಾನು ಗೋಡೆಗೆ ಮುಖ ಮಾಡಿಟ್ಟಿದ್ದ ಆ ಐವತ್ತೆರಡು ಕುದುರೆಗಳಿಗೆ ಆ ಮಳೆಗಾಲದಲ್ಲಿ ಹಿಂದಿನಿಂದ ಮುಂದಿನವರೆಗೂ ಬೂಷ್ಟು ಹಿಡಿದು, ಸೆಪ್ಟೆಂಬರಿನಲ್ಲಿ ತಿರುಗಿಸಿ ನೋಡಿದರೆ ಕುದುರೆಗಳ ಮೇಲೆಲ್ಲ ಬೆಳ್ಳಗೆ, ಅಂಚಿಲ್ಲದ, ತೆಳ್ಳನೆಯ ಹೊಗೆ ಕೂತಿತ್ತು. ನಾನು ಹಚ್ಚಿದ್ದಕ್ಕಿಂತ ಚೆನ್ನಾಗಿತ್ತು.